ಕದ್ದ ಗೇಮು, ಕೊಂಡ ಗೇಮು: ಪದೇ ಪದೇ ಕೇಳುವ ಪ್ರಶ್ನೆಗಳು

2004ರಿಂದ ಐದು ವರ್ಷ ದಾವಣಗೆರೆಯಲ್ಲಿ ನನ್ನ ಭಾವ ನಡೆಸುತ್ತಿದ್ದ ಸೈಬರ್ ಸೆಂಟರಿನ ಗಲ್ಲಾದಲ್ಲಿ ಕೂತವನು ನಾನು. ಹನ್ನೆರಡು ಕಂಪ್ಯೂಟರ್, ಗಂಟೆಗೆ ಹದಿನೈದು ರೂಪಾಯಿ. ಹನ್ನೆರಡರಲ್ಲಿ ಹುಡುಕಿದರೂ ಒಂದು ಅಸಲಿ ಗೇಮು ಸಿಗುತ್ತಿರಲಿಲ್ಲ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದೇನೆ, ಗೇಮುಗಳನ್ನು ದುಡ್ಡು ಕೊಟ್ಟೇ ತಗೊಳ್ಳುತ್ತೇನೆ. ಎರಡೂ ದಡ ನೋಡಿದವನು ಅಂತ ಅಕ್ಕನ ಮಗನಿಂದ ಹಿಡಿದು ಆಫೀಸಿನ ಹುಡುಗರ ತನಕ ಎಲ್ಲರೂ ನನ್ನನ್ನೇ ಕೇಳುತ್ತಾರೆ, ಕೇಳುವುದೂ ಹೆಚ್ಚುಕಮ್ಮಿ ಇವನ್ನೇ. ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಗಂಟಲು ಹರಿದುಕೊಳ್ಳುವುದು ತಪ್ಪುತ್ತದೆ.

## ಒಂದು ಗೇಮಿಗೆ ಐದು ಸಾವಿರವಾ? ಯಾರು ತಗೋತಾರೆ?

2020ರಲ್ಲಿ ಪಿಎಸ್5, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಸೋನಿಯ ಪ್ಲೇಸ್ಟೇಷನ್ 5 ಯಂತ್ರ ಬಂದಾಗ, ಸೋನಿಯ ದೊಡ್ಡ ಗೇಮುಗಳಿಗೆ ಅಮೆರಿಕದಲ್ಲಿ 70 ಡಾಲರ್, ನಮ್ಮಲ್ಲಿ 4,999 ರೂಪಾಯಿ. ಲೆಕ್ಕದವನಾದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಅಲ್ಲಿ ಫೆಡರಲ್ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ತೀರಾ ಕಡಿಮೆ ಕೂಲಿಯ ಹುಡುಗನೂ ಹತ್ತು ಗಂಟೆ ದುಡಿದರೆ ಹೊಸ ಗೇಮು ಕೈಗೆ ಬಂತು. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರ ಎಣಿಸುವವನನ್ನು ತಗೊಳ್ಳಿ. 26 ದಿನದ ಲೆಕ್ಕದಲ್ಲಿ ದಿನಕ್ಕೆ 770 ರೂಪಾಯಿ. ಅದೇ ಗೇಮಿಗೆ ಅವನ ಆರೂವರೆ ದಿನದ ದುಡಿಮೆ ಹೋಯಿತು. ಅದೂ ಮನೆ ಬಾಡಿಗೆ, ರೇಷನ್ನು, ಅಮ್ಮನ ಮಾತ್ರೆ ಯಾವುದೂ ಇಲ್ಲ ಅಂದುಕೊಂಡರೆ.

‘ಅಲ್ಲಿ 70 ಡಾಲರ್, ಇಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿನೇ ಆಯ್ತಲ್ಲ, ಇನ್ನೇನು’ ಅನ್ನುವವರು ಸಿಗುತ್ತಾರೆ. ಬೆಲೆಯನ್ನು ಅವರು ಡಾಲರಿನಲ್ಲಿ ಅಳೆಯುತ್ತಾರೆ, ನಾನು ದಿನದಲ್ಲಿ ಅಳೆಯುತ್ತೇನೆ.

## ಒಂದೇ ಗೇಮಿಗೆ ಒಂದೊಂದು ದೇಶದಲ್ಲಿ ಒಂದೊಂದು ರೇಟ್ ಯಾಕೆ?

ಒಂದೇ ಸಿನಿಮಾಗೆ ಬೆಂಗಳೂರಿನ ಮಾಲ್‌ನಲ್ಲಿ ಒಂದು ರೇಟು, ಹರಪನಹಳ್ಳಿಯ ಟಾಕೀಸಿನಲ್ಲಿ ಇನ್ನೊಂದು. ಯಾಕೆ ಅಂತ ಯಾರೂ ಕೇಳುವುದಿಲ್ಲ. ಗೇಮಿನದೂ ಅಷ್ಟೇ. ಮಾಡುವಾಗ ಕೋಟಿಗಟ್ಟಲೆ ಸುರಿಯಬೇಕು. ಮಾಡಿ ಮುಗಿದ ಮೇಲೆ ಇನ್ನೊಂದು ಪ್ರತಿಗೆ ತಗಲುವ ಖರ್ಚು ಸೊನ್ನೆಗೆ ಹತ್ತಿರ. 1,200 ಕೊಡಲಾಗದವನು 480 ಕೊಟ್ಟರೆ ಕಂಪನಿಗೆ ಅದು ಬಂದಷ್ಟೂ ಬಂತು.

480 ಅಂತ ಸುಮ್ಮನೆ ಹೇಳಲಿಲ್ಲ. ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಗೇಮು ಅಮೆರಿಕದಲ್ಲಿ 14.99 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 1,270 ದಾಟುತ್ತದೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮಂಗಡಿಯಲ್ಲಿ ನಮಗೆ ಅದು 480ರ ಆಸುಪಾಸಿನಲ್ಲಿ ಸಿಗುತ್ತದೆ. ಸ್ಟೀಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಯಾವ ದೇಶಕ್ಕೆ ಎಷ್ಟು ಇಟ್ಟರೆ ಸರಿ ಅಂತ ಒಂದು ಪಟ್ಟಿ ಕೊಡುತ್ತದೆ. ಅದು ಸಲಹೆ ಮಾತ್ರ, ಕೊನೆಯ ಮಾತು ಗೇಮು ಹೊರತರುವವರದ್ದು. ಒಬ್ಬನೇ ಕೂತು ಗೇಮು ಮಾಡಿದವನು ಆ ಸಲಹೆ ಕೇಳುತ್ತಾನೆ. ದೊಡ್ಡ ಕಂಪನಿಗಳು ಎಷ್ಟೋ ಸಲ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಇದು ಉಲ್ಟಾ ಆಗಿದ್ದು ಕಮ್ಮಿ.

## ನಿಮ್ಮ ಕಾಲದಲ್ಲಿ ಅಸಲಿ ಗೇಮು ಸಿಗ್ತಾನೇ ಇರಲಿಲ್ವಾ?

ಬೆಂಗಳೂರಿನಲ್ಲಿ ಸಿಗುತ್ತಿದ್ದಿರಬೇಕು. ದಾವಣಗೆರೆಯಲ್ಲಿ ಡಬ್ಬದೊಳಗಿನ ಅಸಲಿ ಗೇಮು ನಾನು ಕಣ್ಣಾರೆ ಕಂಡಿಲ್ಲ. ಭಾವ ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗಿ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಸುತ್ತಿ, ಎಸ್‌ಪಿ ರೋಡಿನಲ್ಲಿ ರ‍್ಯಾಮ್ ತಗೊಂಡು ಬರುತ್ತಿದ್ದರು. ಜೊತೆಗೆ ತೆಳ್ಳನೆ ಪ್ಲಾಸ್ಟಿಕ್ ಕವರಿನಲ್ಲಿ ಏಳೆಂಟು ಸೀಡಿ. ಮೇಲೆ ನೀಲಿ ಮಾರ್ಕರಿನಲ್ಲಿ ಗೇಮಿನ ಹೆಸರು, ಅರ್ಧ ಸ್ಪೆಲ್ಲಿಂಗ್ ತಪ್ಪು. ಚೆನ್ನೈನವರಿಗೆ ಬರ್ಮಾ ಬಜಾರ್, ದೆಹಲಿಯವರಿಗೆ ಪಾಲಿಕಾ ಬಜಾರ್ ಹೇಗೋ ನಮಗೆ ಅದು ಹಾಗೆ.

ಆ ಸೀಡಿಗಳಲ್ಲಿ ಬರುತ್ತಿದ್ದದ್ದು ಬಹಳ ಸಲ ‘ರಿಪ್’. ಎರಡು ಸೀಡಿಯ ಗೇಮನ್ನು ಮುನ್ನೂರು ಎಂಬಿಗೆ ಇಳಿಸಬೇಕೆಂದರೆ ಏನಾದರೂ ಕತ್ತರಿಸಲೇಬೇಕು, ಮೊದಲು ಕತ್ತರಿ ಬೀಳುತ್ತಿದ್ದದ್ದು ದನಿಗೆ. ಊರೆಲ್ಲ ಕಾರು ಓಡಿಸುವ ಜಿಟಿಎ ಸರಣಿಯ ವೈಸ್ ಸಿಟಿ ಗೇಮನ್ನು ನಾನು ಮೂರು ಸಲ ಮುಗಿಸಿದ್ದೆ. ಅದರ ಕಾರುಗಳಲ್ಲಿ ರೇಡಿಯೋ ಇದೆ, ಅದರಲ್ಲಿ ಹಾಡು ಬರುತ್ತವೆ ಅಂತ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ, ರೂಮ್‌ಮೇಟ್ ಆಡುವಾಗ. ನಮ್ಮ ಸೆಂಟರಿನಲ್ಲಿ ಆ ಊರಿಗೆ ಊರೇ ಮೂಕವಾಗಿತ್ತು. ಬಾಡಿಗೆ ಕೊಟ್ಟು ಆಡುವ ಹುಡುಗರು ಆ ಮೌನಕ್ಕೆ ತಾವೇ ಉಪೇಂದ್ರನ ಹಾಡು ಹೇಳಿಕೊಂಡು ಕಾರು ಓಡಿಸುತ್ತಿದ್ದರು.

ಅದಕ್ಕೂ ಮುಂಚೆ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ವಿಡಿಯೋ ಗೇಮುಗಳು. ಡಬ್ಬದ ಮೇಲೆ ‘9999 ಗೇಮುಗಳು’, ಒಳಗೆ ಹತ್ತೋ ಹದಿನೈದೋ, ಉಳಿದದ್ದೆಲ್ಲ ಅವೇ ತಿರುಗಿ ಮುರುಗಿ. ಅದು ಜಪಾನಿನ ನಿಂಟೆಂಡೊ ಯಂತ್ರದ ನಕಲು ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಷ್ಯಾದಲ್ಲಿ 1992ರಲ್ಲಿ ಇದೇ ನಕಲನ್ನು ಡೆಂಡಿ ಅನ್ನುವ ಹೆಸರಿಟ್ಟು, ಟಿವಿ ಜಾಹೀರಾತು ಕೊಟ್ಟು ಮಾರಿದರು. ಅಲ್ಲಿನ ಒಂದು ಇಡೀ ತಲೆಮಾರಿಗೆ ವಿಡಿಯೋ ಗೇಮೆಂದರೆ ಡೆಂಡಿ. ಅಸಲಿ ಬರದ ಊರಿನಲ್ಲಿ ನಕಲೇ ಅಸಲಿ.

## ಪೈರಸಿಗೆ ಕಾರಣ ಬೆಲೆನಾ, ಇಲ್ಲ ನಮ್ಮ ಬುದ್ಧೀನಾ?

‘ನಮ್ಮ ಜನಾನೇ ಹಿಂಗೆ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದ.

2011ರಲ್ಲಿ ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ ಹೇಳಿದ್ದು ಇದು: ಪೈರಸಿ ಬಹುಪಾಲು ಬೆಲೆಯ ಸಮಸ್ಯೆಯಲ್ಲ, ಸೇವೆಯ ಸಮಸ್ಯೆ. ಉದಾಹರಣೆಗೆ ರಷ್ಯಾವನ್ನು ತೋರಿಸಿದರು. ಅಲ್ಲಿ ಎಲ್ಲರೂ ಕದಿಯುತ್ತಾರೆ, ಹೋಗಿ ಕೈಸುಟ್ಟುಕೊಳ್ಳಬೇಡಿ ಅಂತ ಬೇರೆ ಕಂಪನಿಗಳವರು ವಾಲ್ವ್‌ಗೆ ಅಂದಿದ್ದರಂತೆ. ಹಾಗೆ ಹೇಳುತ್ತಿದ್ದ ಕಂಪನಿಗಳು ಗೇಮಿಗೆ ರಷ್ಯನ್ ಭಾಷೆ ಹಾಕಿ ಕೊಡಲು ಆರು ತಿಂಗಳು ತಗೊಳ್ಳುತ್ತಿದ್ದವು. ನಕಲು ಮಾಡುವವರು ಅಷ್ಟು ಹೊತ್ತಿಗೆ ಅದನ್ನು ಮಾಡಿ ಮಾರಿ ಮುಗಿಸಿರುತ್ತಿದ್ದರು. ವಾಲ್ವ್ ಅಲ್ಲಿಗೆ ಹೋದ ಮೇಲೆ ರಷ್ಯಾ ಯುರೋಪಿನಲ್ಲೇ ಅದರ ಅತಿ ದೊಡ್ಡ ಮಾರುಕಟ್ಟೆಗಳಲ್ಲೊಂದಾಯಿತು.

ಅದೇ ವರ್ಷ ಅಮೆರಿಕದ ಸೋಷಿಯಲ್ ಸೈನ್ಸ್ ರಿಸರ್ಚ್ ಕೌನ್ಸಿಲ್ ಒಂದು ದಪ್ಪ ವರದಿ ಹೊರತಂದಿತು. ಭಾರತ, ಬ್ರೆಜಿಲ್, ರಷ್ಯಾ, ದಕ್ಷಿಣ ಆಫ್ರಿಕಾ, ಮೆಕ್ಸಿಕೊ, ಬೊಲಿವಿಯಾ ಎಲ್ಲ ಸುತ್ತಿ ಬರೆದದ್ದು. ಅದರ ತೀರ್ಮಾನ ನ್ಯೂವೆಲ್ ಹೇಳಿದ್ದಕ್ಕೆ ತಿರುಗಾಮುರುಗಾ: ಇದು ಜಗತ್ತಿನ ಬೆಲೆಯ ಸಮಸ್ಯೆ, ಸಂಬಳಕ್ಕೆ ಹೋಲಿಸಿದರೆ ಬೆಲೆ ವಿಪರೀತ, ಕಾನೂನು ಬಿಗಿ ಮಾಡಿದ್ದರಿಂದ ಹೆಚ್ಚೇನೂ ಆಗಿಲ್ಲ. ಯಾರು ಸರಿ? ನನಗೆ ಪೋಲೆಂಡಿನ ಕಥೆ ಗೊತ್ತಾದ ಮೇಲೆ ಇಬ್ಬರೂ ಒಂದೇ ಆನೆಯನ್ನು ಮುಟ್ಟಿ ನೋಡುತ್ತಿದ್ದಾರೆ ಅನ್ನಿಸಿತು.

ಪೋಲೆಂಡಿನಲ್ಲಿ 1994ರ ಕಾಪಿರೈಟ್ ಕಾಯ್ದೆ ಬರುವ ತನಕ ಗೇಮು ನಕಲು ಮಾಡಿ ಮಾರುವುದು ತಪ್ಪು ಅಂತಲೇ ಯಾರಿಗೂ ಅನ್ನಿಸಿರಲಿಲ್ಲ. ಬಂದ ಮೇಲೂ ವಾರ್ಸಾದ ಹಳೆಯ ಸ್ಟೇಡಿಯಂನಲ್ಲಿ ನಡೆಯುವ ಸಂತೆಯಲ್ಲಿ ನಕಲು ಸೀಡಿಗಳ ರಾಶಿ. ಅದೇ ವರ್ಷ ಮಾರ್ಚಿನ್ ಇವಿನ್‌ಸ್ಕಿ ಮತ್ತು ಮಿಖಾವ್ ಕಿಚಿನ್‌ಸ್ಕಿ ಅನ್ನುವ ಇಬ್ಬರು ಹಳೆಯ ಸ್ಕೂಲ್ ಗೆಳೆಯರು ಸಿಡಿ ಪ್ರೊಜೆಕ್ಟ್ ಅಂತ ಒಂದು ಪುಟ್ಟ ಕಂಪನಿ ಮಾಡಿ, ಅಮೆರಿಕದಿಂದ ಗೇಮು ತರಿಸಿ ಮಾರತೊಡಗಿದರು. ಸಂತೆಯವನ ಎದುರು ಅಸಲಿ ಮಾಲು ಮಾರುವುದು ಹೇಗೆ?

1999ರಲ್ಲಿ ಅವರು ಬಾಲ್ಡರ್ಸ್ ಗೇಟ್ ತಂದರು. ಆ ಗೇಮು ಐದು ಸೀಡಿಯಷ್ಟು ದೊಡ್ಡದು, ಸಂತೆಯವನೂ ಐದು ಸೀಡಿ ನಕಲು ಮಾಡಲೇಬೇಕು, ಅವನ ರೇಟೂ ಮೇಲೇರುತ್ತದೆ. ಇವರು ಇಡೀ ಗೇಮನ್ನು ಪೋಲಿಷ್ ಮಾಡಿಸಿದರು. ಅಲ್ಲಿನ ಮನೆಮಾತಾದ ನಟ ಪಿಯೋತ್ರ್ ಫ್ರೋಂಚೆವ್‌ಸ್ಕಿಯ ದನಿ ಹಾಕಿಸಿದರು. ಡಬ್ಬದೊಳಗೆ ಹಳೆಯ ಚರ್ಮಪತ್ರದಂತೆ ಕಾಣುವ ನಕ್ಷೆ, ದಪ್ಪ ಪುಸ್ತಕ, ಹಾಡಿನ ಸೀಡಿ ಇಟ್ಟರು. ಸಂತೆಯವನಿಗೆ ನಕಲು ಮಾಡಲು ಬರುವುದು ಸೀಡಿ ಮಾತ್ರ. ಮೊದಲ ದಿನವೇ 18,000 ಪ್ರತಿ ಹೋದವು. ‘ಇಲ್ಲಿನವರು ದುಡ್ಡು ಕೊಟ್ಟು ತಗೊಳ್ಳುವ ಜನ ಅಲ್ಲ’ ಅನ್ನಿಸಿಕೊಂಡ ದೇಶದಲ್ಲಿ!

ಆ ಇಬ್ಬರ ಕಂಪನಿಯೇ 2007ರಲ್ಲಿ ವಿಚರ್ ಗೇಮು ಮಾಡಿದ್ದು. 2008ರಲ್ಲಿ ಜಿಒಜಿ ಅಂಗಡಿ ತೆರೆದರು, ಅಲ್ಲಿ ಮಾರುವ ಗೇಮುಗಳಿಗೆ ನಕಲು ತಡೆಯುವ ಯಾವ ಬೀಗವೂ ಇಲ್ಲ. ಕಳ್ಳಸಂತೆಯ ಎದುರು ಅಂಗಡಿ ಇಟ್ಟು ಗೆದ್ದವರಿಗಷ್ಟೇ ಆ ಧೈರ್ಯ ಬರುತ್ತದೆ.

## ಅರ್ಜೆಂಟೀನಾದಲ್ಲಿ ಗೇಮು ಪುಕ್ಕಟೆ ರೇಟಿಗೆ ಸಿಗುತ್ತೆ ಅಂತಾರೆ, ನಿಜಾನಾ?

ಸಿಗುತ್ತಿತ್ತು. ಆ ಕಥೆ ಮುಗಿದಿದೆ, ಮುಗಿದ ರೀತಿ ಹೊಟ್ಟೆ ಉರಿಸುವಂಥದ್ದು.

ಸ್ಟೀಮ್‌ನಲ್ಲಿ ಅರ್ಜೆಂಟೀನಾದವರಿಗೆ ಪೆಸೊ ಬೆಲೆ, ಟರ್ಕಿಯವರಿಗೆ ಲಿರಾ ಬೆಲೆ ಇತ್ತು. ಎರಡೂ ನಾಣ್ಯ ವರ್ಷದಿಂದ ವರ್ಷಕ್ಕೆ ಕುಸಿಯುತ್ತ ಹೋದವು. 2023ರಲ್ಲಿ ಅರ್ಜೆಂಟೀನಾದ ಹಣದುಬ್ಬರ 211 ಪರ್ಸೆಂಟ್ ದಾಟಿತು. ಗೇಮಿನವರು ವರ್ಷದ ಹಿಂದೆ ಬರೆದಿಟ್ಟ ಪೆಸೊ ಬೆಲೆ ಹಾಗೇ ಇದೆ, ಡಾಲರಿಗೆ ತಿರುಗಿಸಿದರೆ ಬೋಂಡಾ ಕಾಸು. ಸುದ್ದಿ ಹಬ್ಬಿತು. ಅಮೆರಿಕ, ಯುರೋಪಿನ ಆಟಗಾರರು ತಾವಿರುವ ದೇಶ ಮರೆಮಾಚುವ ವಿಪಿಎನ್ ಹಾಕಿಕೊಂಡು ರಾತ್ರೋರಾತ್ರಿ ಅರ್ಜೆಂಟೀನಾದವರಾದರು. ನಮ್ಮವರೂ ಆದರು, ಸುಳ್ಳು ಯಾಕೆ. 2021ರಲ್ಲಿ ವಾಲ್ವ್ ಮೂರು ತಿಂಗಳಿಗೊಮ್ಮೆ ಮಾತ್ರ ದೇಶ ಬದಲಿಸಬಹುದು ಅಂತ ಕಟ್ಟು ಹಾಕಿತು. 2022ರ ಅಕ್ಟೋಬರಿನ ಹೊಸ ಸಲಹೆಪಟ್ಟಿಯಲ್ಲಿ ಪೆಸೊ ಮತ್ತು ಲಿರಾ ಬೆಲೆಗಳನ್ನು ನಾಲ್ಕು ನೂರು ಪರ್ಸೆಂಟಿಗೂ ಮೇಲೆ ಏರಿಸಿತು. ಅದೂ ಸಾಕಾಗದೆ 2023ರ ನವೆಂಬರ್ 20ರಿಂದ ಎರಡೂ ನಾಣ್ಯಗಳನ್ನೇ ತೆಗೆದುಹಾಕಿ, ಆ ಭಾಗದ ದೇಶಗಳಿಗೆಂದೇ ಬೇರೆ ಡಾಲರ್ ಬೆಲೆಪಟ್ಟಿ ತಂದಿತು. ವಿನಿಮಯ ದರ ಹೀಗೆ ಕುಣಿಯುತ್ತಿದ್ದರೆ ಗೇಮು ಮಾಡಿದವರಿಗೆ ಬೆಲೆ ಇಡುವುದೇ ಕಷ್ಟ ಅನ್ನುವುದು ಅದರ ವಿವರಣೆ. ಅದು ಸುಳ್ಳಲ್ಲ.

ಸಂಬಳ ಪೆಸೊದಲ್ಲಿ, ಗೇಮು ಡಾಲರಿನಲ್ಲಿ. ಅದರ ಮೇಲೆ ವಿದೇಶಿ ಖರೀದಿಗೆ ಅಲ್ಲಿನ ಸರ್ಕಾರದ ತೆರಿಗೆ ಬೇರೆ. ಬ್ಯೂನಸ್ ಐರಿಸ್‌ನ ಹುಡುಗನಿಗೆ ಮತ್ತೆ ನೆಟ್ಟಿನಿಂದ ನಕಲು ಇಳಿಸಿಕೊಳ್ಳುವ ಟೊರೆಂಟೇ ಗತಿಯಾದರೆ ಅವನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

## ಹಂಗಾದ್ರೆ ವಿಪಿಎನ್ ಹಾಕಿ ಅಗ್ಗದ ದೇಶದಿಂದ ತಗೊಂಡ್ರೆ ತಪ್ಪಾ? ದುಡ್ಡು ಕೊಟ್ಟೇ ತಗೋತೀವಲ್ಲ?

ನನ್ನ ಮಟ್ಟಿಗೆ ಇದು ಪೈರಸಿಗಿಂತ ಕೆಟ್ಟದ್ದು. ಟೊರೆಂಟ್ ಇಳಿಸಿಕೊಂಡವನು ಕಂಪನಿಗೆ ಒಂದು ಮಾರಾಟ ತಪ್ಪಿಸಿರಬಹುದು, ತಪ್ಪಿಸದೆಯೂ ಇರಬಹುದು. ಕೊಡುವ ಶಕ್ತಿ ಇದ್ದೂ ಬಡ ದೇಶದ ಕ್ಯೂನಲ್ಲಿ ನುಗ್ಗುವವನು ಆ ಕ್ಯೂವನ್ನೇ ಮುಚ್ಚಿಸುತ್ತಾನೆ. ರೇಷನ್ ಕಾರ್ಡಿನ ವಿಷಯ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ, ಗೇಮಿನ ವಿಷಯಕ್ಕೆ ಬಂದರೆ ಜಾಣತನ ಅನ್ನಿಸುತ್ತದೆ. ಸ್ಟೀಮ್ ನಿಯಮದಲ್ಲೂ ಇದಕ್ಕೆ ಅವಕಾಶವಿಲ್ಲ, ಖಾತೆ ಹೋದರೆ ಅದರ ಜೊತೆ ಕೊಂಡ ಗೇಮುಗಳೂ ಹೋದಂತೆ.

ಇನ್ನೊಂದು ಮಗ್ಗುಲು ಹೇಳದಿದ್ದರೆ ಮೋಸವಾಗುತ್ತದೆ. ಪೋಲೆಂಡ್, ಹಂಗೇರಿ, ರೊಮೇನಿಯಾದಂಥ ಕಡೆ ಅಗ್ಗಕ್ಕೆ ಮಾರಿದ ಸ್ಟೀಮ್ ಕೀಗಳು (ಕೊಂಡ ಗೇಮನ್ನು ತೆರೆಯುವ ಕೋಡುಗಳು) ಯುರೋಪಿನ ಬೇರೆ ದೇಶಗಳಲ್ಲಿ ತೆರೆಯದಂತೆ ಬೀಗ ಹಾಕಿದ್ದಕ್ಕೆ, 2021ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ವಾಲ್ವ್ ಮತ್ತು ಐದು ಕಂಪನಿಗಳಿಗೆ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತು. ಯುರೋಪೆಲ್ಲ ಒಂದೇ ಮಾರುಕಟ್ಟೆ, ಒಳಗೆ ಬೇಲಿ ಹಾಕಬಾರದು ಅನ್ನುವುದು ಅದರ ವಾದ. ಕಿವಿಗೆ ಚೆಂದ. ಆದರೆ ಬೇಲಿ ಹಾಕುವಂತಿಲ್ಲ ಅಂದರೆ ಕಂಪನಿ ಮಾಡುವುದೇನು? ಪೋಲೆಂಡಿನವನಿಗೂ ಜರ್ಮನಿಯ ಬೆಲೆಯನ್ನೇ ಇಡುತ್ತದೆ.

## ಕೀ ಮಾರುವ ಸೈಟುಗಳಲ್ಲಿ ಅರ್ಧ ರೇಟಿಗೆ ಸಿಗುತ್ತಲ್ಲ?

ಆ ಕೀ ಎಲ್ಲಿಂದ ಬಂತು ಅಂತ ನಿಮಗೆ ತಿಳಿಯುವುದಿಲ್ಲ, ಅದೇ ತೊಂದರೆ. ಕೆಲವು ಅಗ್ಗದ ದೇಶದಿಂದ ಬಂದವು, ಕೆಲವು ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡವು. ಕಾರ್ಡಿನ ಮಾಲೀಕ ಬ್ಯಾಂಕಿಗೆ ದೂರು ಕೊಟ್ಟರೆ ದುಡ್ಡು ವಾಪಸ್ ಹೋಗುತ್ತದೆ, ದಂಡ ಬೀಳುವುದು ಗೇಮು ಮಾಡಿದವನಿಗೆ. ಫ್ಯಾಕ್ಟೋರಿಯೊ ಅನ್ನುವ ಗೇಮು ಮಾಡಿದ ಚೆಕ್ ದೇಶದ ವೂಬೆ ಕಂಪನಿಯ 198 ಕದ್ದ ಕೀಗಳು ತನ್ನಲ್ಲಿ ಮಾರಾಟವಾಗಿದ್ದವು ಅಂತ ಜಿಟುಎ ಅನ್ನುವ ಸೈಟು 2020ರಲ್ಲಿ ಒಪ್ಪಿಕೊಂಡು ಸುಮಾರು 40,000 ಡಾಲರ್ ಕಟ್ಟಿಕೊಟ್ಟಿತು. ಅದರ ಹಿಂದಿನ ವರ್ಷ ನೋ ಮೋರ್ ರೋಬಾಟ್ಸ್ ಕಂಪನಿಯ ಮೈಕ್ ರೋಸ್ ಬಹಿರಂಗವಾಗಿಯೇ ಬೇಡಿಕೊಂಡಿದ್ದರು: ಅಲ್ಲಿ ಕೊಳ್ಳುವ ಬದಲು ದಯವಿಟ್ಟು ಪೈರೇಟ್ ಮಾಡಿ, ಹೇಗಿದ್ದರೂ ನಮಗೆ ಒಂದು ಕಾಸೂ ಬರುವುದಿಲ್ಲ.

## ಕನ್ಸೋಲ್ ಯಾಕೆ ನಮ್ಮ ಕಡೆ ಇಷ್ಟು ದುಬಾರಿ?

ಗೇಮಾದರೆ ತಂತಿಯಲ್ಲಿ ಬರುತ್ತದೆ, ಕನ್ಸೋಲು ಅಂದರೆ ಆಡುವ ಯಂತ್ರ, ಅದು ಹಡಗಿನಲ್ಲಿ ಬರಬೇಕು. ದಾರಿಯುದ್ದಕ್ಕೂ ಸುಂಕದ ಕಟ್ಟೆ. ಬ್ರೆಜಿಲ್‌ನಲ್ಲಿ 2013ರಲ್ಲಿ ಪಿಎಸ್4ಗೆ 3,999 ರಿಯಾಲ್ ಇಟ್ಟರು, ಆಗಿನ ದರದಲ್ಲಿ 1,800 ಡಾಲರಿಗೂ ಮೇಲೆ. ಅಮೆರಿಕದಲ್ಲಿ ಅದೇ ಡಬ್ಬ 399 ಡಾಲರ್. ನ್ಯೂಯಾರ್ಕಿಗೆ ವಿಮಾನದಲ್ಲಿ ಹೋಗಿ ಕೊಂಡುತಂದರೂ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ ಅಂತ ಜನ ಲೆಕ್ಕ ಹಾಕಿ ನಕ್ಕರು. ಸೋನಿ ತೆರಿಗೆಯ ಕಡೆ ಬೆರಳು ತೋರಿಸಿತು. ಅದೇ ದೇಶದಲ್ಲಿ ಟೆಕ್‌ಟಾಯ್ ಅನ್ನುವ ಕಂಪನಿ 1980ರ ದಶಕದ ಕೊನೆಯಿಂದಲೇ ಜಪಾನಿನ ಸೆಗಾ ಕಂಪನಿಯ ಲೈಸೆನ್ಸ್ ತಗೊಂಡು ಅಲ್ಲೇ ಯಂತ್ರ ತಯಾರಿಸುತ್ತಿತ್ತು. ಬೇರೆಲ್ಲ ಕಡೆ ಮ್ಯೂಸಿಯಂ ಸೇರಿದ ಸೆಗಾದ ಮಾಸ್ಟರ್ ಸಿಸ್ಟಮ್ ಅಲ್ಲಿ ದಶಕಗಟ್ಟಲೆ ಮಾರಾಟವಾಯಿತು.

ನಮ್ಮಲ್ಲಿ ನಿಂಟೆಂಡೊ ಅಧಿಕೃತವಾಗಿ ಅಂಗಡಿಯನ್ನೇ ಇಟ್ಟಿಲ್ಲ. ಸಿಗುವುದೆಲ್ಲ ಯಾರೋ ದುಬೈನಿಂದಲೋ ಸಿಂಗಪುರದಿಂದಲೋ ತಂದದ್ದು, ವಾರಂಟಿ ದೇವರಿಗೆ. ಪಿಎಸ್2 ಕಾಲದಲ್ಲಿ ‘ಚಿಪ್ ಹಾಕಿಸಿದ್ದಾ, ಹಾಕದ್ದಾ?’ ಅಂತ ಅಂಗಡಿಯವನೇ ಕೇಳುತ್ತಿದ್ದ. ಚಿಪ್ ಹಾಕಿದ್ದರಲ್ಲಿ ನಕಲು ಡಿವಿಡಿ ಓಡುತ್ತದೆ. ಹಾಕದ್ದನ್ನು ತಗೊಂಡವರನ್ನು ನಾನು ನೋಡಿಲ್ಲ.

## ದುಡ್ಡಿದ್ದೂ ಕೊಳ್ಳೋಕಾಗದ ಊರುಗಳಿವೆಯಾ?

ಇವೆ. ಕ್ಯೂಬಾದಲ್ಲಿ ಅಮೆರಿಕದ ನಿರ್ಬಂಧ ಒಂದು ಕಡೆ, ಬಹಳ ವರ್ಷ ಜನರ ಕೈಗೆ ಇಂಟರ್ನೆಟ್ ಸಿಗದಿದ್ದದ್ದು ಇನ್ನೊಂದು ಕಡೆ. ಅಲ್ಲಿನವರು ‘ಪಾಕೆಟೆ ಸೆಮನಾಲ್’ ಅಂತ ಕಟ್ಟಿಕೊಂಡರು, ವಾರದ ಪೊಟ್ಟಣ ಅಂತ ಅರ್ಥ. ಸುಮಾರು ಒಂದು ಟೆರಾಬೈಟ್ ಸಿನಿಮಾ, ಧಾರಾವಾಹಿ, ಗೇಮು ಎಲ್ಲ ತುಂಬಿದ ಹಾರ್ಡ್‌ಡಿಸ್ಕು ಪ್ರತಿ ವಾರ ಕೈಯಿಂದ ಕೈಗೆ, ಬಸ್ಸಿನಿಂದ ಬಸ್ಸಿಗೆ ದೇಶವಿಡೀ ಸುತ್ತುತ್ತದೆ. ಹವಾನಾದ ಹುಡುಗರು ಮಹಡಿಯಿಂದ ಮಹಡಿಗೆ ಕೇಬಲ್ ಎಳೆದು, ಆಂಟೆನಾ ನಿಲ್ಲಿಸಿ ಎಸ್‌ನೆಟ್ ಅಂತ ತಮ್ಮದೇ ನೆಟ್‌ವರ್ಕ್ ಮಾಡಿಕೊಂಡು ಆಡಿದರು. 2019ರಲ್ಲಿ ಸರ್ಕಾರ ಹೊಸ ನಿಯಮ ತಂದು ಅದನ್ನು ತನ್ನ ತೆಕ್ಕೆಗೆ ತಗೊಂಡಿತು.

2024ರ ಮೇ ತಿಂಗಳಲ್ಲಿ ಇದರ ಇನ್ನೊಂದು ಅವತಾರ ಕಂಡಿತು. ಸ್ಟೀಮ್‌ನಲ್ಲಿ ಹೆಲ್‌ಡೈವರ್ಸ್ 2 ಅನ್ನುವ ಗೇಮು ಆಡುವವರೆಲ್ಲ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಅಂತ ಸೋನಿ ಹೇಳಿತು. ಎಷ್ಟೋ ದೇಶಗಳಲ್ಲಿ ಆ ಖಾತೆ ತೆರೆಯುವುದಕ್ಕೇ ಆಗುವುದಿಲ್ಲ, ಆದರೆ ಗೇಮನ್ನು ಅಲ್ಲೆಲ್ಲ ಮಾರಿ ಆಗಿತ್ತು! 177 ದೇಶ, ಪ್ರದೇಶಗಳಲ್ಲಿ ಗೇಮು ಸ್ಟೀಮ್‌ನಿಂದ ಮಾಯವಾಯಿತು. ಆಟಗಾರರು ಕೆಟ್ಟ ರಿವ್ಯೂಗಳ ಮಳೆ ಸುರಿಸಿದ ಮೇಲೆ ಸೋನಿ ನಿಯಮ ವಾಪಸ್ ತಗೊಂಡಿತು. ದುಡ್ಡು ಕೊಟ್ಟು ಕೊಂಡವನಿಗೆ ಆಡಲು ತಡೆ, ಕದ್ದವನಿಗೆ ಅಂಥ ಕಾಟವೇ ಇಲ್ಲ.

## ಈಗ ಎಲ್ಲಾ ಫ್ರೀ ಗೇಮೇ ಅಲ್ವಾ, ಇನ್ನೆಲ್ಲಿ ಪೈರಸಿ?

ಅಕ್ಕನ ಮಗ ಕೇಳಿದ್ದು. ಅವನಿಗೆ ಹದಿನೈದು. ‘ಮಾಮ, ಗೇಮಿಗೆ ಯಾರಾದ್ರೂ ದುಡ್ಡು ಕೊಡ್ತಾರಾ?’ ಅಂದ. ಪಬ್‌ಜಿ ಮೊಬೈಲ್ 2018ರಲ್ಲಿ ಬಂದಾಗಿನಿಂದ ಅವನಂಥವರಿಗೆ ಗೇಮೆಂದರೆ ಪುಕ್ಕಟೆ ಸಿಗುವ ವಸ್ತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು, 2021ರ ಜುಲೈಯಲ್ಲಿ ಬಿಜಿಎಂಐ ಅನ್ನುವ ಹೊಸ ಹೆಸರಿನಲ್ಲಿ ವಾಪಸ್ ಬಂತು. ಫ್ರೀ ಫೈರ್ ಸಾದಾ ಫೋನಿನಲ್ಲೂ ಓಡುತ್ತಿದ್ದರಿಂದ ಭಾರತ, ಬ್ರೆಜಿಲ್, ಇಂಡೋನೇಷ್ಯಾದ ಗಲ್ಲಿಗಲ್ಲಿಗೂ ಹೋಯಿತು. ಕದಿಯಲು ಅಲ್ಲಿ ಏನೂ ಇಲ್ಲ, ಎಲ್ಲ ಕಂಪನಿಯ ಸರ್ವರಿನಲ್ಲೇ ಇದೆ.

ಅದೇ ಹುಡುಗ ಒಂದು ವರ್ಷದಲ್ಲಿ ಬಂದೂಕಿಗೆ ಬಣ್ಣ, ಮೈಮೇಲೆ ಬಟ್ಟೆ ಅಂತ ಟಾಪ್‌ಅಪ್ ಮಾಡಿದ್ದನ್ನು ಅಕ್ಕನ ಯುಪಿಐ ಹಿಸ್ಟರಿಯಿಂದ ಕೂಡಿಸಿ ತೋರಿಸಿದೆ. 89, 89, 449, 89, 899... ಒಟ್ಟು ಹೊಸ ಪಿಎಸ್5 ಗೇಮಿನ ಬೆಲೆ ದಾಟಿತ್ತು. ಅಕ್ಕ ಕೂಡುವಾಗಲೇ ಒಳಗೆ ಹೋದಳು. ಅವನಿಗೆ ಅವತ್ತು ಊಟ ಲೇಟಾಯಿತು.

## ಪೊಲೀಸರು ಹಿಡೀತಾರಾ?

ನಾನು ವಕೀಲನಲ್ಲ, ಕಾಯ್ದೆಯಲ್ಲಿ ಇರುವುದನ್ನು ಹೇಳುತ್ತೇನೆ. 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಗೊತ್ತಿದ್ದೂ ನಕಲು ಸಾಫ್ಟ್‌ವೇರ್ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದ ತನಕ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಅಲ್ಲ, ವ್ಯಾಪಾರಕ್ಕೂ ಅಲ್ಲ ಅಂತ ಕೋರ್ಟಿಗೆ ಮನವರಿಕೆಯಾದರೆ ಜೈಲು ಬಿಟ್ಟು 50,000ದ ಒಳಗಿನ ದಂಡಕ್ಕೆ ಮುಗಿಸಬಹುದು. ಭಾವನ ಸೆಂಟರು ಗಂಟೆಗೆ ದುಡ್ಡು ತಗೊಂಡದ್ದರಿಂದ ಆ ರಿಯಾಯಿತಿಯೂ ಸಿಗುತ್ತಿರಲಿಲ್ಲ ಅಂತ ಈಗ ಓದಿದಾಗ ಬೆನ್ನಲ್ಲಿ ಚಳಿ ಬರುತ್ತದೆ.

ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2014ರಲ್ಲಿ ನಮ್ಮ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು, ವ್ಯಾಪಾರಕ್ಕಾಗಿ ಕಾಪಿರೈಟ್ ಮುರಿಯುವ ‘ಡಿಜಿಟಲ್ ಅಪರಾಧಿ’ಗಳನ್ನೂ ಆ ಪಟ್ಟಿಗೆ ಸೇರಿಸಿದರು. ಮುಂಜಾಗ್ರತೆಯಾಗಿ ಒಂದು ವರ್ಷದ ತನಕ ಒಳಗಿಡಬಹುದು. ಸೀಡಿ ಮಾರುವವನನ್ನು ಆಸಿಡ್ ಎರಚುವವನ ಸಾಲಿನಲ್ಲಿ ನಿಲ್ಲಿಸುವುದು ಅತಿ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

## ಕ್ರ್ಯಾಕ್ ಹಾಕಿದ್ರೆ ಕಂಪ್ಯೂಟರಿಗೆ ಏನಾದ್ರೂ ಆಗುತ್ತಾ?

ಆಗಬಹುದು. ಗೇಮಿನ ಬೀಗ ಮುರಿಯುವ ಫೈಲು, ಅಂದರೆ ಕ್ರ್ಯಾಕ್, ಹಾಕುವಾಗ ‘ಆಂಟಿವೈರಸ್ ಆಫ್ ಮಾಡಿ’ ಅಂತ ಅದರ ಜೊತೆಯ ಚೀಟಿಯಲ್ಲೇ ಬರೆದಿರುತ್ತದೆ. ಕಳ್ಳನೇ ‘ನಾಯಿ ಕಟ್ಟಿಹಾಕಿ’ ಅಂದ ಹಾಗೆ, ನಾವು ಕಟ್ಟಿಹಾಕುತ್ತೇವೆ. 2007ರ ದೀಪಾವಳಿ ಹಿಂದಿನ ವಾರ ಹೀಗೆ ಹಾಕಿದ ಒಂದು ಸೀಡಿಯಿಂದ ಬಂದ ವೈರಸ್ಸು ಗಲ್ಲಾದ ಕಂಪ್ಯೂಟರಿಗೂ ಹತ್ತಿ, ಆರು ತಿಂಗಳ ಗಿರಾಕಿ ಸಾಲದ ಲೆಕ್ಕ ತಿಂದುಹಾಕಿತು. ಯಾರು ಎಷ್ಟು ಕೊಡಬೇಕು ಅಂತ ಭಾವ ಒಬ್ಬೊಬ್ಬ ಗಿರಾಕಿಯನ್ನೇ ಕೇಳಬೇಕಾಯಿತು. ಎಲ್ಲರೂ ‘ಏನಿಲ್ಲಣ್ಣ’ ಅಂದರು.

## ಪೈರಸಿಯಿಂದ ನಿಜವಾಗ್ಲೂ ಎಷ್ಟು ನಷ್ಟ?

ಇಳಿಸಿಕೊಂಡ ಪ್ರತಿಯನ್ನೆಲ್ಲ ಪೂರ್ತಿ ಬೆಲೆಯಿಂದ ಗುಣಿಸಿ ‘ಇಷ್ಟು ಕೋಟಿ ನಷ್ಟ’ ಅನ್ನುವ ಲೆಕ್ಕವನ್ನು ನನ್ನ ಮುಂದೆ ತರಬೇಡಿ. ನಮ್ಮ ಸೆಂಟರಿಗೆ ಬರುತ್ತಿದ್ದ ಹುಡುಗರಲ್ಲಿ ಒಬ್ಬನೂ ಸಾವಿರ ಕೊಟ್ಟು ಕೊಳ್ಳುವವನಾಗಿರಲಿಲ್ಲ. ಯುರೋಪಿಯನ್ ಕಮಿಷನ್ನಿಗಾಗಿ ಇಕೋರಿಸ್ ಅನ್ನುವ ಸಂಸ್ಥೆ ಮಾಡಿದ ಅಧ್ಯಯನವೊಂದು 2017ರಲ್ಲಿ ಹೊರಬಂತು. ಗೇಮುಗಳ ಮಟ್ಟಿಗೆ ಪೈರಸಿಯಿಂದ ಮಾರಾಟ ತಗ್ಗಿದ್ದಕ್ಕೆ ಗಟ್ಟಿ ಪುರಾವೆ ಅದಕ್ಕೆ ಸಿಗಲಿಲ್ಲ.

ಹಾಗಂತ ನಷ್ಟವೇ ಇಲ್ಲ ಅನ್ನುವುದೂ ಸುಳ್ಳು. ಡೆನುವೊ ಅನ್ನುವ ಬೀಗ ಗೊತ್ತಲ್ಲ, ಆಸ್ಟ್ರಿಯಾದ್ದು, 2014ರಿಂದ ದೊಡ್ಡ ಗೇಮುಗಳಿಗೆ ಹಾಕುತ್ತಾರೆ. 2024ರ ಒಂದು ಅಧ್ಯಯನದ ಪ್ರಕಾರ ಆ ಬೀಗ ಮೊದಲ ವಾರದಲ್ಲೇ ಒಡೆದರೆ ಆದಾಯದಲ್ಲಿ ಸರಾಸರಿ 20 ಪರ್ಸೆಂಟ್ ಖೋತಾ, ಹನ್ನೆರಡು ವಾರ ಕಳೆದ ಮೇಲೆ ಒಡೆದರೆ ಹೆಚ್ಚುಕಮ್ಮಿ ಏನೂ ಇಲ್ಲ. ಹಾಗಿದ್ದರೆ ಮೂರು ತಿಂಗಳಾದ ಮೇಲೆ ಬೀಗ ತೆಗೆದುಬಿಡಬಹುದಲ್ಲ? ಕೆಲವರು ತೆಗೆಯುತ್ತಾರೆ, ಬಹಳ ಜನ ತೆಗೆಯುವುದಿಲ್ಲ. ದುಡ್ಡು ಕೊಟ್ಟವನ ಕಂಪ್ಯೂಟರಿನಲ್ಲಿ ಅದು ವರ್ಷಗಟ್ಟಲೆ ಕೂತಿರುತ್ತದೆ.

## ನಮ್ಮವರು ಮಾಡಿದ ಗೇಮು ಕದ್ರೂ ಇದೇ ಮಾತು ಹೇಳ್ತೀರಾ?

ಇಲ್ಲ. ಪುಣೆಯ ಪುಟ್ಟ ತಂಡವೊಂದು ಮಾಡಿದ ‘ರಾಜಿ’ 2020ರಲ್ಲಿ ಬಂತು. ಅಂಥವರಿಗೆ ನೂರು ಮಾರಾಟ ತಪ್ಪಿದರೂ ಒಬ್ಬನ ಸಂಬಳ ತಪ್ಪಿದ ಹಾಗೆ. ಅವರ ಗೇಮನ್ನು ನಾನು ಬಂದ ವಾರವೇ ಕೊಂಡೆ, ಸೇಲಿಗೂ ಕಾಯಲಿಲ್ಲ.

ದೊಡ್ಡವರ ವಿಷಯದಲ್ಲೂ ‘ಅವರು’ ‘ನಾವು’ ಅನ್ನುವ ಗೆರೆ ಅಷ್ಟು ನೇರವಾಗಿಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ನಮ್ಮ ದೇಶದ ಅತಿ ಹಳೆಯ ಗೇಮ್ ಸ್ಟುಡಿಯೊಗಳಲ್ಲೊಂದು. 2019ರಲ್ಲಿ ಅದನ್ನು ಕೊಂಡವರು ಜಿಟಿಎ ಮಾಡುವ ರಾಕ್‌ಸ್ಟಾರ್. ದಾವಣಗೆರೆಯಲ್ಲಿ ನಾನು ಮೂಕ ವೈಸ್ ಸಿಟಿ ಓಡಿಸುತ್ತಿದ್ದ ಹೊತ್ತಿಗೆ ಬೆಂಗಳೂರಿನಲ್ಲಿ ಗೇಮು ಮಾಡಿಯೇ ಹೊಟ್ಟೆ ಹೊರೆಯುವವರಿದ್ದರು ಅಂತ ನನಗೆ ಯಾರಾದರೂ ಹೇಳಬೇಕಿತ್ತು.

## ಈಗ ನೀವು ಹೇಗೆ ಕೊಳ್ತೀರಿ?

ವಿಶ್‌ಲಿಸ್ಟಿಗೆ ಹಾಕಿ ಸುಮ್ಮನಾಗುತ್ತೇನೆ. ಸೇಲ್ ಬಂದಾಗ ಯುಪಿಐನಲ್ಲಿ ಕಟ್ಟುತ್ತೇನೆ. ಹಿಡಿಸದಿದ್ದರೆ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಈ ಎರಡು ಗಂಟೆಯ ಸೌಲಭ್ಯವೇ ನನ್ನನ್ನು ಟೊರೆಂಟಿನಿಂದ ಬಿಡಿಸಿದ್ದು, ಉಪದೇಶ ಅಲ್ಲ. ರೂಪಾಯಿ ಬೆಲೆ ಬಂದದ್ದು 2015ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಡಾಲರಿನಲ್ಲಿ ಕಟ್ಟಲು ಒಪ್ಪುವ ಕಾರ್ಡು ನನ್ನ ಹತ್ತಿರ ಇರಲಿಲ್ಲ. ಎಪಿಕ್ ಅಂಗಡಿಯವರು 2018ರ ಡಿಸೆಂಬರಿನಿಂದ ಪುಕ್ಕಟೆ ಕೊಡುವ ಗೇಮುಗಳನ್ನೂ ಬಿಡುವುದಿಲ್ಲ. 2020ರ ಮೇನಲ್ಲಿ ಜಿಟಿಎ 5 ಪುಕ್ಕಟೆ ಕೊಟ್ಟ ದಿನ ಅವರ ಸೈಟೇ ಮಲಗಿತ್ತು.

ಹೊಸ ಗೇಮಿಗೆ ನಾಲ್ಕೈದು ಸಾವಿರ ಇಟ್ಟರೆ ಕಾಯುತ್ತೇನೆ. ಎರಡು ವರ್ಷದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಬೇರೆ ಗೇಮು.

## ಆ ಹಳೇ ಸೀಡಿಗಳೆಲ್ಲ ಏನಾದವು?

ಸೆಂಟರು 2010ರಲ್ಲಿ ಮುಚ್ಚಿತು. ಎರಡು ಗೋಣಿಚೀಲ ಸೀಡಿ ಊರಿನ ಅಟ್ಟಕ್ಕೆ ಹೋದವು. ಹೋದ ಸಲ ಹಬ್ಬಕ್ಕೆ ಹೋದಾಗ ನೋಡಿದರೆ ಭಾವ ಅವನ್ನು ದಾರಕ್ಕೆ ಕಟ್ಟಿ ಮೆಕ್ಕೆಜೋಳದ ಹೊಲದ ತುಂಬ ನೇತುಹಾಕಿದ್ದರು. ಬಿಸಿಲಿಗೆ ಹೊಳೆದರೆ ಗಿಳಿಗಳು ಹತ್ತಿರ ಬರುವುದಿಲ್ಲವಂತೆ. ಒಂದರ ಮೇಲೆ ನೀಲಿ ಮಾರ್ಕರಿನ ಅಕ್ಷರ ಇನ್ನೂ ಅರ್ಧ ಉಳಿದಿತ್ತು. ಮೊದಲ ವರ್ಷ ಗಿಳಿಗಳು ಹೆದರಿದವು, ಈ ವರ್ಷ ಹೆದರುತ್ತಿಲ್ಲ ಅಂದರು ಭಾವ.